ಆಟ ಜನರದು, ಕಣ ಧಣಿಯದು

ಒಂದು ಗಿರಣಿ ಮುಚ್ಚಿದರೆ ಅದರ ಲೆಕ್ಕವನ್ನು ಯಾರಾದರೂ ಕೇಳುತ್ತಾರೆ. ಎಷ್ಟು ಜನರ ಕೆಲಸ ಹೋಯಿತು, ಎಷ್ಟು ಸಂಬಳ ಬಾಕಿ ನಿಂತಿತು, ಯಂತ್ರಗಳು ಯಾರ ಪಾಲಾದವು ಎಂಬ ಪ್ರಶ್ನೆಗಳು ಏಳುತ್ತವೆ. ಆದರೆ ದುಡಿಯುವ ಜನ ವಾರದ ಕೊನೆಗೆ ಸೇರುತ್ತಿದ್ದ ಒಂದು ಆಟದ ಬಯಲು ಮುಚ್ಚಿದರೆ ಅದರ ಲೆಕ್ಕ ಕೇಳುವವರಿಲ್ಲ. ‘ಕಾಲ ಬದಲಾಯಿತು’ ಎಂಬ ಒಂದೇ ಮಾತಿನಲ್ಲಿ ಆ ಕಥೆಯನ್ನು ಮುಗಿಸಿಬಿಡುತ್ತಾರೆ. ಕಾಲ ತಾನಾಗಿ ಬದಲಾಗುವುದಿಲ್ಲ. ಅದನ್ನು ಬದಲಿಸುವವರಿಗೆ ಹೆಸರುಂಟು, ವಿಳಾಸವುಂಟು, ಲಾಭನಷ್ಟದ ಖಾತೆ ಪುಸ್ತಕವೂ ಉಂಟು. ಇದನ್ನು ತೋರಿಸುವುದಕ್ಕಾಗಿ ಅಮೆರಿಕದ ಒಂದು ಸಣ್ಣ ಊರಿನ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ. ಊರು ದೂರದ್ದು, ಆದರೆ ಅಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಗಿರಣಿಯಲ್ಲಿ ದುಡಿದವನಿಗೂ ಅಂಗಡಿಯಿಟ್ಟು ಬದುಕಿದವನಿಗೂ ಭಾಷಾಂತರಕಾರ ಬೇಕಾಗಿಲ್ಲ.

ಉತ್ತರ ಕೆರೊಲಿನ ರಾಜ್ಯದ ಹಿಲ್ಸ್‌ಬರೋ ಈನೋ ನದಿಯ ದಡದಲ್ಲಿದೆ. ಅದು ಹತ್ತಿಗಿರಣಿಗಳ ಊರಾಗಿತ್ತು. ಊರ ಪಕ್ಕದಲ್ಲಿ ಆಕೊನೀಚಿ ಎಂಬ ದೊಡ್ಡ ಜಮೀನು. ಆ ಹೆಸರು ಆ ನಾಡಿನ ಮೂಲ ನಿವಾಸಿಗಳದು. ಹೆಸರು ಉಳಿಯಿತು, ನೆಲ ಅವರ ಕೈ ಬಿಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಜಮೀನು ಡರ್‌ಹ್ಯಾಮ್ ನಗರದ ತಂಬಾಕು ಮತ್ತು ಬಟ್ಟೆ ಉದ್ಯಮದ ಧನಿಕ ಜೂಲಿಯನ್ ಕಾರ್ ಎಂಬವರ ವಶವಾಯಿತು. ಅವರು ಅಲ್ಲಿ ಕುದುರೆ ಓಡಿಸುವ ಹಾದಿಯೊಂದನ್ನು ಮಾಡಿಸಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಿಲ್ ಫ್ರಾನ್ಸ್ ಎಂಬವರ ಕಣ್ಣು ಆ ಹಳೆಯ ಹಾದಿಯ ಮೇಲೆ ಬಿದ್ದಿತು. ಅಲ್ಲಿ 0.9 ಮೈಲಿ ಸುತ್ತಳತೆಯ ಮಣ್ಣಿನ ಮೋಟಾರು ಓಟದ ಕಣ ಎದ್ದಿತು. ಅದೇ ಆಕೊನೀಚಿ ಸ್ಪೀಡ್‌ವೇ.

ಅಲ್ಲಿ ಓಡುತ್ತಿದ್ದುದು ‘ಸ್ಟಾಕ್ ಕಾರು’. ಅಂದರೆ ಪಂದ್ಯಕ್ಕಾಗಿಯೇ ತಯಾರಾದ ದುಬಾರಿ ವಾಹನವಲ್ಲ, ಪೇಟೆಯಲ್ಲಿ ಮಾರಾಟಕ್ಕಿರುವ ಸಾಮಾನ್ಯ ಕಾರು. ಈ ಆಟ ಹುಟ್ಟಿದ್ದು ಶ್ರೀಮಂತರ ಕ್ಲಬ್ಬಿನಲ್ಲಲ್ಲ. ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಬಡ ರೈತರು ಜೋಳದಿಂದ ಸಾರಾಯಿ ಬಟ್ಟಿ ಇಳಿಸುತ್ತಿದ್ದರು. ಸುಂಕದ ಅಧಿಕಾರಿಗಳ ಕೈಗೆ ಸಿಕ್ಕದಂತೆ ರಾತ್ರಿಯಲ್ಲಿ ಅದನ್ನು ಪಟ್ಟಣಗಳಿಗೆ ಸಾಗಿಸಲು ವೇಗದ ಕಾರು ಬೇಕು, ಅದನ್ನು ರಿಪೇರಿ ಮಾಡಬಲ್ಲ ಕೈ ಬೇಕು, ತಿರುವಿನಲ್ಲಿ ಹೆದರದ ಎದೆ ಬೇಕು. ರಾತ್ರಿ ಸಾರಾಯಿ ಸಾಗಿಸಿದ ಕಾರು ಭಾನುವಾರ ಪಂದ್ಯಕ್ಕೆ ಇಳಿಯಿತು. ಮುಂದೆ ದೇಶದಾದ್ಯಂತ ಹೆಸರಾದ ಜೂನಿಯರ್ ಜಾನ್ಸನ್ 1956ರಲ್ಲಿ ತಂದೆಯ ಭಟ್ಟಿಯ ಬಳಿ ಸಿಕ್ಕಿಬಿದ್ದು ಸೆರೆಮನೆ ಕಂಡವರು. 1986ರಲ್ಲಿ ಅಧ್ಯಕ್ಷ ರೇಗನ್ ಅವರಿಗೆ ಕ್ಷಮಾದಾನ ಕೊಟ್ಟರು.

ನೋಡುವುದಕ್ಕೆ ಬರುತ್ತಿದ್ದವರೂ ಅದೇ ಬಗೆಯ ಜನ. ಗಿರಣಿಯ ಕೂಲಿಗಳು, ತಂಬಾಕಿನ ರೈತರು, ಮೆಕ್ಯಾನಿಕರು, ಲಾರಿ ಚಾಲಕರು. ವಾರವೆಲ್ಲ ಬೇರೆಯವರ ಯಂತ್ರಕ್ಕೆ ಮೈ ಬಗ್ಗಿಸಿ ದುಡಿದವನು ಭಾನುವಾರ ತನ್ನಂಥವನೇ ಒಬ್ಬ ಯಂತ್ರವನ್ನು ತನ್ನಿಚ್ಛೆಯಂತೆ ಕುಣಿಸುವುದನ್ನು ಕಂಡು ಹಿಗ್ಗುತ್ತಿದ್ದ. ಈ ಹಿಗ್ಗನ್ನು ಕೀಳೆಂದು ತಿಳಿಯಬಾರದು. ದುಡಿಯುವವನಿಗೆ ಅನ್ನದಷ್ಟೇ ಬಿಡುವೂ ಬೇಕು, ಬಿಡುವಿನಲ್ಲಿ ತಲೆ ಎತ್ತಿ ಕೂರುವ ಜಾಗವೂ ಬೇಕು.

1949ರಲ್ಲಿ ಬಿಲ್ ಫ್ರಾನ್ಸರ ನ್ಯಾಸ್ಕಾರ್ ಸಂಸ್ಥೆ ತನ್ನ ಮೊದಲ ಸ್ಟಾಕ್ ಕಾರು ಸರಣಿಯನ್ನು ನಡೆಸಿತು. ಎಂಟು ಪಂದ್ಯಗಳ ಆ ಸರಣಿಯಲ್ಲಿ ಮೂರನೆಯದು ಆಗಸ್ಟ್ 7ರಂದು ಆಕೊನೀಚಿಯಲ್ಲಿ ನಡೆಯಿತು. ಗೆದ್ದವರು ಬಾಬ್ ಫ್ಲಾಕ್. ಆ ವರ್ಷ ಇಲ್ಲಿ ಗಂಡಸರ ಜೊತೆ ಕಾರು ಓಡಿಸಿದವರಲ್ಲಿ ಲೂಯಿಸ್ ಸ್ಮಿತ್ ಎಂಬ ಹೆಂಗಸೂ ಇದ್ದರು. 1950ರಲ್ಲಿ ಫೈರ್‌ಬಾಲ್ ರಾಬರ್ಟ್ಸ್ ತಮ್ಮ ಮೊದಲ ದೊಡ್ಡ ಗೆಲುವನ್ನು ಪಡೆದದ್ದೂ ಇದೇ ಮಣ್ಣಿನ ಮೇಲೆ. ಎರಡು ದಶಕಗಳಲ್ಲಿ ಮೂವತ್ತಕ್ಕೂ ಹೆಚ್ಚು ದೊಡ್ಡ ಪಂದ್ಯಗಳು ನಡೆದವು. 1954ರಿಂದ ಕಣಕ್ಕೆ ಆರೆಂಜ್ ಸ್ಪೀಡ್‌ವೇ ಎಂಬ ಹೆಸರಾಯಿತು. 1968ರ ಸೆಪ್ಟೆಂಬರ್ 15ರಂದು ಕೊನೆಯ ಪಂದ್ಯ; ಅದನ್ನು ರಿಚರ್ಡ್ ಪೆಟಿ ಗೆದ್ದರು. ಆಮೇಲೆ ಬಾಗಿಲು ಬಿತ್ತು.

ಏಕೆ ಬಿತ್ತು? ಊರಿನ ಪಾದ್ರಿಗಳು ಭಾನುವಾರದ ಓಟವನ್ನು ವಿರೋಧಿಸಿದರು ಎಂಬುದು ಸಾಮಾನ್ಯವಾಗಿ ಹೇಳುವ ಕಾರಣ. ವಿರೋಧ ಇದ್ದುದು ನಿಜ. ಆದರೆ ಪಾದ್ರಿಗಳ ಬೋಧೆಯಿಂದ ಕಣ ಮುಚ್ಚುವಂತಿದ್ದರೆ ಇಪ್ಪತ್ತು ವರ್ಷ ಅದು ನಡೆಯುತ್ತಲೇ ಇರಲಿಲ್ಲ. ಫ್ರಾನ್ಸರಿಗೆ ಬೇಕಾಗಿದ್ದುದು ಇನ್ನೂ ದೊಡ್ಡ ಕಣ, ಇನ್ನೂ ಹೆಚ್ಚು ಟಿಕೆಟು, ಇನ್ನೂ ಹೆಚ್ಚು ವೇಗ. ಅದನ್ನು ಅವರು ಅಲಬಾಮ ರಾಜ್ಯದ ಟ್ಯಾಲಡೀಗದಲ್ಲಿ ಕಟ್ಟಿಸಿದರು: 2.66 ಮೈಲಿಯ ಡಾಮರು ಕಣ. ಹಿಲ್ಸ್‌ಬರೋದ ಪಂದ್ಯ 1969ರಲ್ಲಿ ಅಲ್ಲಿಗೆ ಹೋಯಿತು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪಂದ್ಯಗಳ ದಿನಾಂಕ ಗೊತ್ತು ಮಾಡುವ ಸಂಸ್ಥೆಯ ಯಜಮಾನನೂ ಕಣದ ಯಜಮಾನನೂ ಒಬ್ಬನೇ ಆಗಿದ್ದರು. ಆಟದ ನಿಯಮ ಬರೆಯುವವರು, ಕಣಕ್ಕೆ ಬಾಡಿಗೆ ಕಟ್ಟುವವರು, ಚಾಲಕನಿಗೆ ಶಿಕ್ಷೆ ವಿಧಿಸುವವರು ಒಬ್ಬರೇ ಆದರೆ ಊರಿನವರು ದೂರು ಕೊಡುವುದು ಯಾರಿಗೆ?

ಚಾಲಕರಿಗೆ ಈ ಪ್ರಶ್ನೆ ಅದಕ್ಕೂ ಮುಂಚೆಯೇ ಎದುರಾಗಿತ್ತು. 1961ರಲ್ಲಿ ಕರ್ಟಿಸ್ ಟರ್ನರ್, ಟಿಮ್ ಫ್ಲಾಕ್ ಮೊದಲಾದವರು ಚಾಲಕರ ಸಂಘ ಕಟ್ಟಲು ಹೊರಟರು. ಲಾರಿ ಕಾರ್ಮಿಕರ ದೊಡ್ಡ ಸಂಘವಾದ ಟೀಮ್‌ಸ್ಟರ್ಸ್ ಬೆಂಬಲವಿತ್ತು. ಬಹುಮಾನದ ಹಣದಲ್ಲಿ ನ್ಯಾಯವಾದ ಪಾಲು, ವಿಮೆ, ಪಿಂಚಣಿ, ಸತ್ತವರ ಮಕ್ಕಳ ಓದಿಗೆ ನೆರವು: ಇವು ಅವರ ಬೇಡಿಕೆಗಳು. ಇವುಗಳಲ್ಲಿ ಅತಿಯಾದದ್ದು ಯಾವುದು? ಸಂಘಕ್ಕೆ ಸೇರಿದ ಯಾರೂ ತಮ್ಮ ಪಂದ್ಯದಲ್ಲಿ ಓಡಿಸಕೂಡದೆಂದು ಫ್ರಾನ್ಸ್ ಸಾರಿದರು. ಅಗತ್ಯಬಿದ್ದರೆ ಪಿಸ್ತೂಲು ಹಿಡಿದಾದರೂ ಈ ಅಪ್ಪಣೆ ನಡೆಸುವುದಾಗಿ ಹೇಳಿದರು. ಟರ್ನರ್ ಮತ್ತು ಫ್ಲಾಕ್ ಅವರಿಗೆ ಜೀವಮಾನ ಪರ್ಯಂತ ನಿಷೇಧ ಹಾಕಿದರು. ಉಳಿದವರು ಒಬ್ಬೊಬ್ಬರಾಗಿ ಹಿಂದೆಗೆದರು. ಜನ ಬರುವುದು ಕಡಿಮೆಯಾದಾಗ, ಟಿಕೆಟು ಮಾರಲು ಟರ್ನರ್ ಬೇಕಾದಾಗ, 1965ರಲ್ಲಿ ಆ ‘ಜೀವಮಾನ’ ಮುಗಿಯಿತು!

ಟರ್ನರ್ ಸಂಘ ಕಟ್ಟಿದ್ದು ತಮ್ಮ ಶಾರ್ಲಟ್ ಕಣದ ಸಾಲಕ್ಕೆ ಟೀಮ್‌ಸ್ಟರ್ಸ್ ಹಣ ಪಡೆಯಲಿಕ್ಕೆ, ಜೂಜನ್ನೂ ತರುವ ಯೋಚನೆ ಅದರಲ್ಲಿತ್ತು ಎಂದು ಆಕ್ಷೇಪಿಸುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಮುಂದಾಳಿನ ಸ್ವಂತ ಲೆಕ್ಕಾಚಾರದಿಂದ ಬೇಡಿಕೆ ಅನ್ಯಾಯವಾಗುವುದಿಲ್ಲ. ಮೊದಲು ಸಂಘಕ್ಕೆ ಸೇರಿ ಆಮೇಲೆ ಬಿಟ್ಟವರಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಒಬ್ಬರು. 1964ರ ಮೇ ತಿಂಗಳಲ್ಲಿ ಅದೇ ಶಾರ್ಲಟ್ ಕಣದಲ್ಲಿ ಅವರ ಕಾರಿಗೆ ಬೆಂಕಿ ಹೊತ್ತಿಕೊಂಡಿತು. ಸುಟ್ಟ ಗಾಯಗಳಿಂದ ನರಳಿ ಜುಲೈನಲ್ಲಿ ತೀರಿಕೊಂಡರು. ವಿಮೆ, ಪಿಂಚಣಿ ಎಂಬವು ಆ ಚಾಲಕರಿಗೆ ಬರಿಯ ಮಾತಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಟ್ಯಾಲಡೀಗದ ವಿಷಯ. 1969ರ ಸೆಪ್ಟೆಂಬರಿನಲ್ಲಿ ಮೊದಲ ಪಂದ್ಯಕ್ಕೆಂದು ಚಾಲಕರು ಅಲ್ಲಿ ಸೇರಿದಾಗ ಕಾರುಗಳು ಗಂಟೆಗೆ 200 ಮೈಲಿಯ ಹತ್ತಿರ ಓಡುತ್ತಿದ್ದವು, ಟೈರುಗಳು ಹರಿಯುತ್ತಿದ್ದವು. ಪಂದ್ಯ ಮುಂದೂಡಿ ಎಂದು ಚಾಲಕರು ಕೇಳಿದರು. ಫ್ರಾನ್ಸ್ ಒಪ್ಪಲಿಲ್ಲ. ಆ ವೇಳೆಗೆ ಚಾಲಕರು ಮತ್ತೊಂದು ಸಂಘ ಕಟ್ಟಿಕೊಂಡಿದ್ದರು. ಅದರ ಅಧ್ಯಕ್ಷರು ರಿಚರ್ಡ್ ಪೆಟಿ. ಹೆಸರಾಂತ ಚಾಲಕರಲ್ಲಿ ಹೆಚ್ಚಿನವರು ಪಂದ್ಯದ ಹಿಂದಿನ ದಿನ ತಮ್ಮ ಕಾರುಗಳನ್ನು ಕಟ್ಟಿಕೊಂಡು ಹೊರಟುಹೋದರು. ಹಿಲ್ಸ್‌ಬರೋದ ಕೊನೆಯ ಪಂದ್ಯ ಗೆದ್ದ ವ್ಯಕ್ತಿಯೇ, ಒಂದು ವರ್ಷ ತುಂಬುವ ಮೊದಲು, ಅದರ ಬದಲಿಗೆ ಬಂದ ಕಣದಲ್ಲಿ ಮುಷ್ಕರದ ಮುಂದಾಳಾದರು. ಸೆಪ್ಟೆಂಬರ್ 14ರಂದು ಉಳಿದವರನ್ನೂ ಬದಲಿ ಚಾಲಕರನ್ನೂ ಕೂಡಿಸಿ ಪಂದ್ಯ ನಡೆಸಿಬಿಟ್ಟರು. ಮುಷ್ಕರದ ದಿನ ಬದಲಿ ಆಳು ತಂದು ಯಂತ್ರ ಓಡಿಸುವ ಈ ವಿದ್ಯೆ ನಮ್ಮ ವಾಚಕರಿಗೆ ಹೊಸದಲ್ಲ.

ಜನರ ಆಟ ಎಂದೆವು. ಆದರೆ ಆ ‘ಜನ’ರಲ್ಲಿ ಎಲ್ಲರಿಗೂ ಸಮಾನ ಪಾಲಿತ್ತೆ? ಇರಲಿಲ್ಲ. ವೆಂಡೆಲ್ ಸ್ಕಾಟ್ ಎಂಬ ಕರಿಯ ಚಾಲಕರು ತಮ್ಮ ಕೈಯಿಂದಲೇ ಕಾರು ದುರಸ್ತಿ ಮಾಡಿಕೊಂಡು ಇದೇ ಸರಣಿಯಲ್ಲಿ ಓಡಿಸುತ್ತಿದ್ದವರು. 1963ರ ಡಿಸೆಂಬರ್ 1ರಂದು ಫ್ಲಾರಿಡದ ಜ್ಯಾಕ್ಸನ್‌ವಿಲ್ ಕಣದಲ್ಲಿ ಅವರು ಗೆದ್ದರು. ಗೆಲುವನ್ನು ಬಿಳಿಯ ಚಾಲಕನೊಬ್ಬನದೆಂದು ಸಾರಿ, ಪಾರಿತೋಷಕವನ್ನೂ ಅವನಿಗೇ ಕೊಟ್ಟು, ಜನರೆಲ್ಲ ಚದುರಿದ ಮೇಲೆ ಎಣಿಕೆಯಲ್ಲಿ ತಪ್ಪಾಗಿತ್ತು ಎಂದರು. ಸ್ಕಾಟ್ 1990ರಲ್ಲಿ ತೀರಿಕೊಂಡರು. ಆ ಗೆಲುವಿನ ಪಾರಿತೋಷಕವನ್ನು ಸಂಸ್ಥೆ ಅವರ ಮನೆಯವರಿಗೆ ಒಪ್ಪಿಸಿದ್ದು 2021ರಲ್ಲಿ. ಹಳೆಯ ಕಣಗಳನ್ನು ನೆನೆಯುವವರು ಇದನ್ನೂ ನೆನೆಯಬೇಕು. ಬಡ ಬಿಳಿಯನನ್ನೂ ಬಡ ಕರಿಯನನ್ನೂ ಬೇರೆಬೇರೆ ಇಟ್ಟಷ್ಟು ಕಾಲ ಧಣಿಗೆ ಸಂಘದ ಭಯವಿಲ್ಲ. ಅಲಬಾಮದ ವರ್ಣಭೇದವಾದಿ ರಾಜಕಾರಣಿ ಜಾರ್ಜ್ ವ್ಯಾಲೇಸರಿಗೆ ಫ್ರಾನ್ಸ್ ಬೆಂಬಲಿಗರಾಗಿದ್ದುದು ಎಲ್ಲರಿಗೂ ತಿಳಿದ ಸಂಗತಿ.

ಹಿಲ್ಸ್‌ಬರೋ ಒಂದೇ ಅಲ್ಲ. 1970ರ ಸೆಪ್ಟೆಂಬರ್ 30ರಂದು ರಾಲೀ ನಗರದಲ್ಲಿ ನಡೆದ ಪಂದ್ಯದೊಡನೆ ದೊಡ್ಡ ಸರಣಿಯಿಂದ ಮಣ್ಣಿನ ಕಣಗಳು ಮಾಯವಾದವು. ಐವತ್ತು ವರ್ಷ ಮತ್ತೆ ಬರಲಿಲ್ಲ. 1971ರ ಆರಂಭದಲ್ಲಿ ರೇಡಿಯೋ, ಟೆಲಿವಿಷನ್ನಿನಲ್ಲಿ ಸಿಗರೇಟು ಜಾಹೀರಾತು ನಿಷೇಧವಾಯಿತು. ಅಲ್ಲಿ ಮಿಕ್ಕ ಹಣವನ್ನು ತಂಬಾಕು ಕಂಪೆನಿ ಈ ಆಟಕ್ಕೆ ಸುರಿಯಿತು. ಸರಣಿಗೆ ವಿನ್‌ಸ್ಟನ್ ಸಿಗರೇಟಿನ ಹೆಸರೇ ಬಂದಿತು. 1971ರಲ್ಲಿ 48 ಪಂದ್ಯಗಳಿದ್ದರೆ 1972ರಲ್ಲಿ 31. ಬಿಟ್ಟುಹೋದವು ಸಣ್ಣ ಊರುಗಳ ಸಣ್ಣ ಕಣಗಳು. ಪಂದ್ಯದ ದಿನದ ಗಿರಾಕಿಯನ್ನು ನಂಬಿದ್ದ ಹೋಟೆಲಿನವನು, ಪೆಟ್ರೋಲ್ ಬಂಕಿನವನು, ತಿಂಡಿ ಮಾರುವವನು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಗಿರಣಿ ನಿಂತ ಊರಿನಲ್ಲಿ ಅಂಗಡಿ ಸಾಲು ಏನಾಗುತ್ತದೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ರಾಜ್ಯದ ನಾರ್ತ್ ವಿಲ್ಕ್ಸ್‌ಬರೋ ಕಣದ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. 1996ರಲ್ಲಿ ಇಬ್ಬರು ಧನಿಕರು ಅದನ್ನು ಕೊಂಡು, ಅಲ್ಲಿನ ಎರಡು ಪಂದ್ಯಗಳನ್ನು ಹಂಚಿಕೊಂಡು, ಒಬ್ಬರು ಟೆಕ್ಸಸಿಗೂ ಇನ್ನೊಬ್ಬರು ನ್ಯೂ ಹ್ಯಾಂಪ್‌ಷೈರಿಗೂ ಒಯ್ದರು. ಕಣ ಹಾಳುಬಿತ್ತು. ಆಮೇಲೆ 2021ರಲ್ಲಿ ಅದನ್ನು ಸರಿಪಡಿಸಲು ಸರ್ಕಾರ 1 ಕೋಟಿ 80 ಲಕ್ಷ ಡಾಲರು ಸಾರ್ವಜನಿಕ ಹಣ ಗೊತ್ತು ಮಾಡಿತು. 2023ರ ಮೇ ತಿಂಗಳಲ್ಲಿ ದೊಡ್ಡ ಪಂದ್ಯ ಮರಳಿತು. ಊರಿನವರು ಸಂತೋಷಪಟ್ಟರು; ಆ ಸಂತೋಷ ನ್ಯಾಯವಾದದ್ದೇ. ಆದರೆ ಲೆಕ್ಕ ನೋಡಿ: ಒಯ್ದಾಗ ಲಾಭ ಖಾಸಗಿಯವರದು, ಕಟ್ಟುವಾಗ ವೆಚ್ಚ ಸಾರ್ವಜನಿಕರದು.

ಹಿಲ್ಸ್‌ಬರೋಗೆ ಓಟ ಮರಳಲಿಲ್ಲ. ಕಾರುಗಳು ಓಡಿದ ಹಾದಿಯ ನಡುವೆ ಮರಗಳು ಬೆಳೆದು ಕಾಡಾಯಿತು. ಜನ ಕೂರುತ್ತಿದ್ದ ಮೆಟ್ಟಿಲುಗಳು ಆ ಕಾಡಿನಲ್ಲಿ ಉಳಿದಿವೆ. ಸುಮಾರು 44 ಎಕರೆಯನ್ನು ಪುರಾತನ ಸ್ಥಳಗಳನ್ನು ಕಾಪಾಡುವ ಸಂಸ್ಥೆ ಉಳಿಸಿತು. 2002ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಈಗ ಜನ ಅಲ್ಲಿ ನಡೆದಾಡುತ್ತಾರೆ. ಊರಿನ ಹತ್ತಿಗಿರಣಿಗಳೂ ನಿಂತುಹೋಗಿವೆ.

ಇಷ್ಟಾದರೂ ಉಳಿಯಿತಲ್ಲ ಎನ್ನಬಹುದು. ಉಳಿದದ್ದು ಒಳ್ಳೆಯದೇ. ಆದರೆ ಕಲ್ಲು, ಮೆಟ್ಟಿಲು ಉಳಿಸಿದ ಮಾತ್ರಕ್ಕೆ ನೆನಪು ಉಳಿಯುವುದಿಲ್ಲ. ಗೆದ್ದವರ ಪಟ್ಟಿಯ ಜೊತೆಗೆ ಸಂಘ ಕಟ್ಟಿ ನಿಷೇಧಕ್ಕೆ ಗುರಿಯಾದವರ ಹೆಸರೂ, ಪಾರಿತೋಷಕ ಸಿಕ್ಕದೆ ಮನೆಗೆ ಹೋದವರ ಹೆಸರೂ ಇರಬೇಕು. ಅದಿಲ್ಲದ ನೆನಪು ಧಣಿಯ ಗೋಡೆಗೆ ತೂಗುಹಾಕುವ ಚಿತ್ರಪಟ.

ಆಟ ಬೆಳೆಯಬೇಕಾದರೆ ದೊಡ್ಡ ಬಂಡವಾಳ ಬೇಡವೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೆ. ಬೆಳೆಯಲಿ. ಆದರೆ ಜನರ ಚಿಲ್ಲರೆ ಕಾಸಿನಿಂದ ಎದ್ದುನಿಂತ ಒಂದು ಜಾಗವನ್ನು ಮುಚ್ಚುವ ಮೊದಲು ಆ ಜನರನ್ನು ಕೇಳಬೇಕು. ಪ್ರಾಣ ಒತ್ತೆಯಿಟ್ಟು ಆಡುವವನಿಗೆ ನಿಯಮ ಬರೆಯುವಲ್ಲಿ ಮಾತಿರಬೇಕು. ಸಾರ್ವಜನಿಕರ ಹಣ ಹಾಕಿದಲ್ಲಿ ಸಾರ್ವಜನಿಕರಿಗೆ ಒಡೆತನವಿರಬೇಕು. ಈ ಮೂರು ಮಾತು ಮೋಟಾರು ಓಟಕ್ಕೆ ಮಾತ್ರ ಹೇಳಿದ್ದಲ್ಲ. ಗಿರಣಿಗೂ ಸಲ್ಲುತ್ತವೆ, ಸಂತೆಮಾಳಕ್ಕೂ ಸಲ್ಲುತ್ತವೆ. ಕೇಳುವವರು ಒಟ್ಟಾಗಿ, ಬಾಗಿಲು ಬೀಳುವುದಕ್ಕೆ ಮುಂಚೆ ಕೇಳಬೇಕು. ಮರ ಬೆಳೆದ ಮೇಲೆ ಕೇಳಿದರೆ ನೆರಳು ಮಾತ್ರ ಸಿಕ್ಕುತ್ತದೆ.