ಹತ್ತು ನಿಮಿಷದ ಮೌನ

ಮಾರ್ಟಳ್ಳಿಯ ಕಡೆ ನಾನು ಉಪಾಧ್ಯಾಯಿನಿಯಾಗಿದ್ದಾಗ ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೊಂದು ಅಭ್ಯಾಸವಿತ್ತು. ಪೋಷಕರ ಸಭೆಗೆ ಮುನ್ನ ಖಾಲಿ ತರಗತಿಯಲ್ಲಿ ಹತ್ತು ನಿಮಿಷ ಕಣ್ಮುಚ್ಚಿ ಕುಳಿತಿರುತ್ತಿದ್ದರು. ಕನ್ನಡ, ತಮಿಳು ಎರಡೂ ಬೆರೆತ ಆ ಸೀಮೆಯಲ್ಲಿ ಕೆಲವರು ಅದನ್ನು ಜಪವೆಂದರು, ಕೆಲವರು ಪ್ರಾರ್ಥನೆಯೆಂದರು. ಕೆಲಸ ತಪ್ಪಿಸಿಕೊಳ್ಳುವ ಉಪಾಯವೆಂದು ನಕ್ಕವಳು ನಾನು.

ಬಾಲ್ಯವಿವಾಹ ನಿಷೇಧದ ಹೊಸ ಕಾಯ್ದೆ 2007ರ ನವೆಂಬರಿನಲ್ಲಿ ಜಾರಿಗೆ ಬಂದ ನಂತರದ ಮಾತಿದು. ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿತ್ತು. ತಂದೆ ಕೂಗಾಡುತ್ತ ಬಂದರು. ನಮ್ಮ ಮೇಡಂ ಕೂಗು ಅಡಗುವವರೆಗೂ ಕಾದು, "ನಿಮಗಿರುವ ಭಯವೇನು, ಹೇಳಿ" ಎಂದರು. ಸಾಲ, ಊರವರ ಮಾತು, ಕತ್ತಲಾದ ಮೇಲೆ ಒಬ್ಬಳೇ ನಡೆದು ಬರುವ ದಾರಿ, ಎಲ್ಲವೂ ಹೊರಬಂದವು. ಒಂದೊಂದಕ್ಕೂ ಪರಿಹಾರ ಯೋಚಿಸಿದರು. ಕಾನೂನನ್ನೂ ಮುಚ್ಚಿಡದೆ ತಿಳಿಸಿದರು. ಹುಡುಗಿ ಪರೀಕ್ಷೆ ಬರೆದಳು.

ಮರುವರ್ಷ ಅವರು ರಜೆಯಲ್ಲಿದ್ದಾಗ ಅಂಥದೇ ಪ್ರಸಂಗ ನನ್ನ ಪಾಲಿಗೆ ಬಂತು. ಬಾಗಿಲಲ್ಲೇ ಪೊಲೀಸರ ಹೆಸರೆತ್ತಿ ಗದರಿದೆ. ಆ ಮಗು ಮತ್ತೆ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಉಳಿದ ಖಾಲಿ ಜಾಗ ಈಗಲೂ ನನ್ನನ್ನು ಕಾಡುತ್ತದೆ.

ಧ್ಯಾನವೆಂದರೆ ಸಹಿಸಿಕೊಳ್ಳುವ ವಿದ್ಯೆಯೆಂದು ಹೆಣ್ಣುಮಕ್ಕಳಿಗೆ ಬೋಧಿಸುವವರಿದ್ದಾರೆ. ನಾನದನ್ನು ಒಪ್ಪಲಾರೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಧ್ಯಾನದಲ್ಲಿ ಮುಳುಗಿದವಳು. ಅದೇ ಬಲದಿಂದ ಅರಮನೆಯನ್ನು ತೊರೆದು ಕಲ್ಯಾಣಕ್ಕೆ ನಡೆದು, ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದಳೆಂದು ಪರಂಪರೆ ಹೇಳುತ್ತದೆ. ಆ ಮೌನ ಶರಣಾಗತಿಯೂ ಹೌದು, ಎದೆಗಾರಿಕೆಯೂ ಹೌದು.

ಕರ್ನಾಟಕದಲ್ಲಿ 2010ರಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಶಾಲೆ, ಅಂಗನವಾಡಿ, ಆಸ್ಪತ್ರೆಗಳಲ್ಲಿ ಬದಲಾವಣೆಯ ಭಾರ ಹೊತ್ತವರಲ್ಲೂ ಅವರೇ ಹೆಚ್ಚು. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿತು, ಸಂತೋಷವೇ. ಆದರೆ ಸಂಬಳ ತಡವಾಗಿ, ಶೌಚಾಲಯಕ್ಕೆ ನೀರಿಲ್ಲದೆ, ಮನೆಗೆಲಸವೆಲ್ಲ ಒಬ್ಬಳ ಮೇಲೆಯೇ ಬಿದ್ದಿರುವಾಗ "ಧ್ಯಾನ ಮಾಡಮ್ಮ" ಎನ್ನುವುದು ಕ್ರೌರ್ಯ. ಆಕೆಗೆ ಮೊದಲು ಆ ಹತ್ತು ನಿಮಿಷವನ್ನಾದರೂ ಬಿಡುವು ಮಾಡಿಕೊಡಬೇಕು.

ನಿವೃತ್ತಿಯ ನಂತರ ನಾನೂ ಬೆಳಗ್ಗೆ ಹತ್ತು ನಿಮಿಷ ಕೂರುತ್ತೇನೆ. ಮನಸ್ಸು ನಿಲ್ಲುವುದು ಅಪರೂಪ. ಆದರೆ ನಾಲಗೆ ಮೊದಲಿಗಿಂತ ನಿಧಾನವಾಗಿದೆ. ಇಷ್ಟನ್ನು ಅಂದೇ ಕಲಿತಿದ್ದರೆ ಆ ಮಗು ಪರೀಕ್ಷೆ ಬರೆಯುತ್ತಿತ್ತೇನೋ.