ಕೇನೂ ಕಾನೂನೂ

ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಮೇಷ್ಟರ ಮೇಜಿನ ಮೇಲೆ ಸದಾ ಒಂದು ರೂಲುದೊಣ್ಣೆ ಇರುತ್ತಿತ್ತು. ಕರಿಯ ಮರದ, ಗುಂಡನೆಯ, ಹೆಬ್ಬೆರಳ ಗಾತ್ರದ ಆ ವಸ್ತುವನ್ನು ಹಾಜರಿ ಪುಸ್ತಕದ ಹಾಳೆಯ ಮೇಲೆ ಮೆಲ್ಲನೆ ಉರುಳಿಸುತ್ತ ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದುದು ನೋಡಲು ಅತಿ ಮನೋಹರವಾಗಿತ್ತು. ಗೆರೆ ಒಣಗುವುದಕ್ಕೆ ಮುಂಚೆಯೇ ಅದೇ ವಸ್ತು, ಹದಿನೇಳರ ಮಗ್ಗಿಯಲ್ಲಿ ಎಂಟರ ಬಳಿ ತಡವರಿಸಿದ ನನ್ನ ಎಡಗೈ ಗೆಣ್ಣುಗಳ ಮೇಲೆ ಟಕ್ಕೆಂದು ಬಿದ್ದುದು ಅಷ್ಟು ಮನೋಹರವಾಗಿರಲಿಲ್ಲ. ರೂಲು ಎಂಬ ಸಾಧುವಾದ ಇಂಗ್ಲಿಷ್ ಶಬ್ದಕ್ಕೆ ದೊಣ್ಣೆಯನ್ನು ಬೆಸೆದ ಕನ್ನಡಿಗನಾರೋ ಅರಿಯೆ. ಆತನೂ ಗೆಣ್ಣಿನ ಮೇಲೆ ತಿಂದವನೇ ಆಗಿರಬೇಕು.

ಒಂದೇ ಕೋಲು ಗೆರೆಗೂ ಏಟಿಗೂ ಒದಗುವ ಈ ವೈಚಿತ್ರ್ಯ ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಶಾಲೆಯ ಹೊಡೆತಕ್ಕೆ ಇಂಗ್ಲಿಷರು ಬಳಸುವ ಕೇನ್ ಎಂಬ ಪದದ ವಂಶಾವಳಿಯನ್ನು ಹಿಡಿದು ಹಿಂದೆ ಹಿಂದೆ ನಡೆದರೆ, ಹಳೆಯ ಫ್ರೆಂಚಿನಿಂದ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ಗ್ರೀಕಿಗೆ, ಅಲ್ಲಿಂದಾಚೆಗೆ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ಕನೂ ಎಂಬ ಶಬ್ದಕ್ಕೆ ಬಂದು ನಿಲ್ಲುತ್ತೇವೆ. ಅದರರ್ಥ ನದೀತೀರದ ಜೊಂಡು, ಅಷ್ಟೆ. ನೆಟ್ಟಗೂ ಹಗುರವೂ ಆದ ಆ ಕಡ್ಡಿ ಅಲ್ಲಿಯವರಿಗೆ ಅಳತೆಗೋಲಾಯಿತು. ಹಳೆಯ ಒಡಂಬಡಿಕೆಯಲ್ಲಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡ ದೇವಾಲಯವನ್ನು ಅಳೆದುದು ಆರು ಮೊಳದ ಇಂಥದೊಂದು ಜೊಂಡಿನ ಕೋಲೇ. ನಮ್ಮ ಶಾಸನಗಳ ಕಾಲದವರು ಹೊಲಗದ್ದೆಗಳನ್ನು ಗಳೆಯಿಂದ ಅಳೆದಂತೆಯೇ ಇದು. ಗ್ರೀಕರು ಅದೇ ಮೂಲದಿಂದ ಕನೋನ್ ಎಂಬ ಪದವನ್ನು ಪಡೆದು, ಮೊದಲು ನೇರಗೋಲಿಗೂ ಅನಂತರ ನಿಯಮಕ್ಕೂ ಆ ಹೆಸರನ್ನಿತ್ತರು. ಅದು ಪಶ್ಚಿಮದಲ್ಲಿ ಕ್ರೈಸ್ತ ಧರ್ಮಸಭೆಯ ಕ್ಯಾನನ್ ಆಯಿತು. ಪೂರ್ವದಲ್ಲಿ ಅರಬ್ಬಿಗೆ ಹೋಗಿ, ಪಾರಸಿಯ ದಾರಿಯಾಗಿ ನಮ್ಮ ಕಚೇರಿಗಳಿಗೆ ಬಂದು, ಕಾನೂನು ಎನಿಸಿಕೊಂಡಿತು. ಕೇನೂ ಕಾನೂನೂ ಹೀಗೆ ದಾಯಾದಿಗಳು. ಮತ್ತು ದಾಯಾದಿಗಳ ಸಂಬಂಧವು ಹೇಗಿರುತ್ತದೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಜೊಂಡಿನ ಹೆಸರು ಬೆತ್ತಕ್ಕೆ ಅಂಟಿದ್ದು ಪೂರ್ವದೇಶಗಳ ವ್ಯಾಪಾರದಿಂದ. ಬರ್ಚ್ ಮರದ ಬರಲುಗಳ ಕಟ್ಟಿನಿಂದ ಹುಡುಗರನ್ನು ಹೊಡೆಯುತ್ತಿದ್ದ ಇಂಗ್ಲೆಂಡಿಗೆ, ಮಲಯ ದೇಶದವರು ರೋಟಾನ್ ಎನ್ನುವ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಹಬ್ಬುವ, ಸಂಸ್ಕೃತದ ವೇತ್ರವೇ ತದ್ಭವವಾಗಿ ನಾವು ಬೆತ್ತವೆನ್ನುವ ಬಳ್ಳಿ ಹಡಗಿನಲ್ಲಿ ಬಂದಿಳಿಯಿತು. ಹೊಡೆಯುವುದೆಂಬ ಅರ್ಥದಲ್ಲಿ ಕೇನ್ ಕ್ರಿಯಾಪದವಾದುದು 17ನೆಯ ಶತಮಾನದಲ್ಲಿ.

ಆ ಕ್ರಿಯಾಪದದ ನಿಜವಾದ ತಾತ್ಪರ್ಯ ಬೆಳಕಿಗೆ ಬಂದುದು ಶಾಲೆಯಲ್ಲಲ್ಲ, ಅಮೆರಿಕದ ಸೆನೆಟ್ಟಿನಲ್ಲಿ. ಗುಲಾಮಗಿರಿಯನ್ನು ಖಂಡಿಸಿ ಭಾಷಣ ಮಾಡಿದ್ದ ಚಾರ್ಲ್ಸ್ ಸಮ್ನರನು 1856ರ ಮೇ 22ರಂದು ತನ್ನ ಆಸನದಲ್ಲಿ ಕುಳಿತು ಬರೆಯುತ್ತಿದ್ದಾಗ, ದಕ್ಷಿಣ ಕ್ಯಾರೊಲಿನದ ಪ್ರತಿನಿಧಿ ಪ್ರೆಸ್ಟನ್ ಬ್ರೂಕ್ಸನು ಚಿನ್ನದ ಹಿಡಿಯುಳ್ಳ ತನ್ನ ಕೈಗೋಲಿನಿಂದ, ಅದು ಮುರಿದು ಚೂರಾಗುವವರೆಗೆ, ಅವನ ತಲೆಯ ಮೇಲೆ ಹೊಡೆದನು. ಸಮ್ನರನು ಚೇತರಿಸಿಕೊಂಡು ಕೆಲಸಕ್ಕೆ ಮರಳಲು ಮೂರು ವರ್ಷಗಳ ಮೇಲೆ ಹಿಡಿಯಿತು. ಬ್ರೂಕ್ಸನಿಗೆ ಆದ ದಂಡ 300 ಡಾಲರು, ಅಭಿಮಾನಿಗಳಿಂದ ಬಂದ ಉಡುಗೊರೆ ಹೊಸ ಹೊಸ ಕೋಲುಗಳು. ಗಮನಿಸತಕ್ಕದ್ದೇನೆಂದರೆ, ಮಾನಾಪಮಾನದ ಪ್ರಶ್ನೆ ಬಂದಾಗ ದ್ವಂದ್ವಯುದ್ಧಕ್ಕೆ ಕರೆಯುವುದು ಆ ನಾಡಿನ ಪದ್ಧತಿಯಾಗಿದ್ದರೂ, ಅದು ಸಮಾನರೊಡನೆ ನಡೆಯತಕ್ಕದ್ದಾದುದರಿಂದ ಬ್ರೂಕ್ಸನು ಬೇಕೆಂದೇ ಕೋಲನ್ನು ಆರಿಸಿಕೊಂಡನು. ಅಂದರೆ ಕೋಲು ಹೇಳುವ ಮಾತು ನೋವಿನದಲ್ಲ, ನೀನು ನನಗಿಂತ ಕೀಳು ಎಂಬುದು. ಹಾಜರಿ ಪುಸ್ತಕದ ಮೊತ್ತ ತಪ್ಪಿದ್ದಕ್ಕೆ ಇನ್ಸ್‌ಪೆಕ್ಟರು ನಮ್ಮ ಮೇಷ್ಟರ ಗೆಣ್ಣಿಗೆ ಹೊಡೆದುದನ್ನು ನಾನಂತೂ ಕಾಣೆ.

ಇನ್ನು ಕಾನೂನು ತನ್ನ ದಾಯಾದಿಯನ್ನು ಅಳೆಯಹೊರಟ ಕಥೆ. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬರ್ನಿನ ಉಪಾಧ್ಯಾಯ ಥಾಮಸ್ ಹಾಪ್ಲಿ ಎಂಬಾತನು, ತಂದೆಯ ಅನುಮತಿಯನ್ನು ಪತ್ರಮುಖೇನ ಪಡೆದು, ಹದಿನೈದು ವರ್ಷದ ಶಿಷ್ಯನನ್ನು ಕೋಲಿನಿಂದಲೂ ಹಗ್ಗದಿಂದಲೂ ಹೊಡೆದು ಕೊಂದನು. ಅವನಿಗೆ ನಾಲ್ಕು ವರ್ಷಗಳ ಕಠಿಣ ಸಜೆಯೇನೋ ಆಯಿತು. ಆದರೆ ಅದೇ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಕಾಕ್‌ಬರ್ನರು, ಮಿತವೂ ಯುಕ್ತವೂ ಆದ ಹೊಡೆತವು ತಂದೆಗೂ ಆತನ ಪರವಾಗಿ ಗುರುವಿಗೂ ಸಲ್ಲುತ್ತದೆಂದು ವಿಧಿಸಿದರು. ಎಷ್ಟು ಮಿತ, ಯಾವುದು ಯುಕ್ತ ಎಂದು ಅಳೆಯುವ ಜೊಂಡು ಯಾವ ನದಿಯ ದಂಡೆಯಲ್ಲಿಯೂ ಬೆಳೆಯದೆಂಬುದನ್ನು ಒಪ್ಪಿಕೊಳ್ಳಲು ಆ ದೇಶಕ್ಕೆ ಶತಮಾನಕ್ಕೂ ಮೀರಿ ಬೇಕಾಯಿತು. 1986ರಲ್ಲಿ ಸರ್ಕಾರಿ ಶಾಲೆಗಳಿಂದ ಕೇನನ್ನು ತೆಗೆದುಹಾಕುವ ಪ್ರಸ್ತಾಪವು ಕಾಮನ್ಸ್ ಸಭೆಯಲ್ಲಿ 231ಕ್ಕೆ 230ರಂತೆ, ಒಂದೇ ಒಂದು ಮತದಿಂದ ಗೆದ್ದಿತು.

ಇಂಗ್ಲಿಷರೇ ನಮಗೆ ಹೊಡೆಯಲು ಕಲಿಸಿದರೆಂದು ಹೇಳುವ ಧೈರ್ಯ ನನಗಿಲ್ಲ. ಕೂಲಿಮಠದ ಕೋದಂಡವನ್ನು ಬಲ್ಲವರು ನಕ್ಕಾರು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಕ್ಕಳ ಮೇಲೆ ಕೈಮಾಡುವುದನ್ನು ನಿಷೇಧಿಸಿದೆ. ನನ್ನ ತಕರಾರು ಇರುವುದು ಅದಕ್ಕೆ ನಾವಿಟ್ಟುಕೊಂಡ ಹೆಸರಿನ ಮೇಲೆ. ದೈಹಿಕ ಶಿಕ್ಷೆಯೆಂದರೆ ಬೆತ್ತ, ದೈಹಿಕ ಶಿಕ್ಷಣವೆಂದರೆ ಖೋಖೋ. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆಯಾಗಿದ್ದುದನ್ನು ನಾವು ಏಟಿಗೂ ಹಂಚಿದ್ದರ ಫಲವಾಗಿ, ಏಟು ತಾನೂ ಒಂದು ಬಗೆಯ ಪಾಠವೆಂಬಂತೆ ಮೈಮೇಲೆ ಶಲ್ಯ ಹೊದ್ದು ಓಡಾಡುತ್ತಿದೆ. ಹೊಡೆತವನ್ನು ಹೊಡೆತವೆಂದೇ ಕರೆಯಬಾರದೇಕೆ? ಮಗನನ್ನು ಶಾಲೆಗೆ ಬಿಡಲು ಬಂದ ತಂದೆ, "ಎರಡು ಬಿಟ್ಟು ಬುದ್ಧಿ ಕಲಿಸಿ ಸಾರ್" ಎಂದು ಮೇಷ್ಟರಿಗೆ ಹೇಳಿಹೋಗುವುದನ್ನು ಇಂದಿಗೂ ಕೇಳುತ್ತೇವೆ. ಆತನು ಬಿಡಿಸಿ ಹೇಳಬೇಕಾದುದು, ನನ್ನ ಮಗನನ್ನು ಹೊಡೆಯಿರಿ ಎಂದು. ಹಾಗೆ ಹೇಳಲು ಆತನ ನಾಲಗೆ ಎಷ್ಟು ತಡವರಿಸೀತೆಂಬ ಕುತೂಹಲ ನನಗಿದೆ.

ಏಟು ತಿಂದುದರಿಂದಲೇ ಮನುಷ್ಯರಾದೆವೆಂದು ನನ್ನ ಸಹಪಾಠಿಗಳು ಹೇಳುತ್ತಾರೆ. ಅವರ ಮಾತನ್ನು ಅಲ್ಲಗಳೆಯುವಷ್ಟು ದೊಡ್ಡ ಮನುಷ್ಯ ನಾನಾಗಲಿಲ್ಲ. ಹದಿನೇಳೆಂಟ್ಲಿ ಎಷ್ಟೆಂದು ಯಾರಾದರೂ ಕೇಳಿದರೆ, ಇಂದಿಗೂ ಬಲಗೈ ಮೊದಲು ಎಡಗೈ ಗೆಣ್ಣುಗಳನ್ನು ಮುಚ್ಚಿಕೊಳ್ಳುತ್ತದೆ. ನೂರ ಮೂವತ್ತಾರು ಆಮೇಲೆ ಬರುತ್ತದೆ.