ಎಳನೀರನ್ನು ಕರುಳಿನ ಕಾಯಿಲೆಗೆ ಬರೆದುಕೊಡಬಹುದೇ?

ಅಲ್ಸರೇಟಿವ್ ಕೊಲೈಟಿಸ್ ಎಂದರೆ ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಕಾಯಿಲೆ. ರಕ್ತ ಬೆರೆತ ಭೇದಿ, ಹೊಟ್ಟೆನೋವು. ತಿಂಗಳುಗಟ್ಟಲೆ ತಗ್ಗಿದ್ದು ಮತ್ತೆ ಕೆರಳುತ್ತದೆ. ಇದಕ್ಕೆ ಎಳನೀರು ಕೊಟ್ಟು ನೋಡಿದ ಪರೀಕ್ಷೆಯನ್ನು ದೆಹಲಿಯ ಏಮ್ಸ್ ವೈದ್ಯರು 2024ರಲ್ಲಿ ಪ್ರಕಟಿಸಿದರು. ಅಮ್ಮಸಂದ್ರ, ತುರುವೇಕೆರೆ, ತಿಪಟೂರಿನ ತೆಂಗಿನ ಸೀಮೆಯವರು ಕಿವಿಗೊಡಬೇಕಾದ ಸುದ್ದಿ ಇದು.

ಪರ

ಎಳನೀರು ಹೊಟ್ಟೆಗೆ ತಂಪು ಎಂದು ಅಜ್ಜಿ ಹೇಳುತ್ತಿದ್ದಳು, ಅದಕ್ಕೇ ಒಪ್ಪಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಲೆಕ್ಕ ನೋಡಿ. ಸೌಮ್ಯ ಮತ್ತು ಮಧ್ಯಮ ಹಂತದ 95 ರೋಗಿಗಳು. 49 ಮಂದಿಗೆ ದಿನಕ್ಕೆ 400 ಮಿ.ಲೀ. ಎಳನೀರು, 46 ಮಂದಿಗೆ ತೋರಿಕೆಯ ಪಾನೀಯ, ಎಂಟು ವಾರ. ಯಾರ ಪಾಲಿಗೆ ಯಾವುದು ಬಂತೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಎಳನೀರು ಕುಡಿದವರಲ್ಲಿ ಶೇ 53 ಮಂದಿಗೆ ಕಾಯಿಲೆ ಹತೋಟಿಗೆ ಬಂತು, ಇನ್ನೊಂದು ಗುಂಪಿನಲ್ಲಿ ಶೇ 28 ಮಂದಿಗೆ.

ರೋಗಿಯ ಬಾಯಿಮಾತೊಂದೇ ಅಲ್ಲ. ಕರುಳು ಉರಿಯುತ್ತಿದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಏರುತ್ತದೆ. ಅದು ಗ್ರಾಂಗೆ 150 ಮೈಕ್ರೊಗ್ರಾಂಗಿಂತ ಕೆಳಗಿಳಿದವರು ಎಳನೀರಿನ ಗುಂಪಿನಲ್ಲಿ ಶೇ 30.6, ಇನ್ನೊಂದು ಗುಂಪಿನಲ್ಲಿ ಶೇ 6.5. ಪೊಟ್ಯಾಷಿಯಂ ಹೇರಳವಾಗಿರುವುದರಿಂದ ಉರಿಯೂತ ತಗ್ಗಬಹುದು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಅನುಕೂಲವಾಗಬಹುದು ಎಂಬುದು ಸಂಶೋಧಕರ ಊಹೆ.

ನಮ್ಮ ಸೀಮೆಯ ವಿಚಿತ್ರವೆಂದರೆ, ತೆಂಗಿನ ನೀರನ್ನು ಇಂಗಿಸಿ ಹಣ ಮಾಡುವವರು ನಾವು. ಬಲಿತ ಕಾಯಿ ಅಟ್ಟ ಸೇರಿ ಎಂಟು-ಹನ್ನೆರಡು ತಿಂಗಳು ಕೂರಬೇಕು. ಕುಲುಕಿದಾಗ ಒಳಗೆ ಗಿಟಕು ಲೊಟಲೊಟ ಅಂದರೆ ಕೊಬ್ಬರಿ ಆಯಿತು. ಎಳನೀರಿನ ದೊಡ್ಡ ಮಾರುಕಟ್ಟೆ ಮದ್ದೂರಿಗೆ ಬಿಟ್ಟಿದ್ದೇವೆ. ಇಷ್ಟು ಅಗ್ಗದ, ಕೈಗೆಟಕುವ ಆಸರೆ ಇರುವಾಗ ವೈದ್ಯರು ಚೀಟಿಯಲ್ಲಿ ಒಂದು ಸಾಲು ಬರೆಯಲು ಏಕೆ ಹಿಂಜರಿಯಬೇಕು?

ವಿರೋಧ

ಹಿಂಜರಿಯಬೇಕು, ಏಕೆಂದರೆ ಎರಡೂ ಗುಂಪಿನವರು ತಮ್ಮ ಮಾಮೂಲಿ ಔಷಧಿಯನ್ನು ಬಿಟ್ಟಿರಲಿಲ್ಲ. ಈ ಸಂಗತಿ ಊರಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ಉಳಿಯುವುದು ‘ಎಳನೀರಿಗೆ ಕೊಲೈಟಿಸ್ ವಾಸಿ’ ಎಂಬ ಮಾತು. ತೋರಿಕೆಯ ಪಾನೀಯ ಕುಡಿದವರಲ್ಲೂ ಶೇ 28 ಮಂದಿ ಚೇತರಿಸಿಕೊಂಡರಲ್ಲ? ಏರಿಳಿಯುವ ಕಾಯಿಲೆಯ ಗುಣವೇ ಅದು. ಒಂದೇ ಆಸ್ಪತ್ರೆ, ಎಂಟೇ ವಾರ. ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಯವರಾಗಲಿ, ತೀವ್ರ ಹಂತದವರಾಗಲಿ ಈ ಲೆಕ್ಕದಲ್ಲಿಲ್ಲ.

ಅರಿಸಿನದ ಕಥೆಯನ್ನೂ ನೋಡಿ. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಕಾಯಿಲೆಯ ಮಾಮೂಲಿ ಔಷಧಿಯಾದ ಮೆಸಲಮೈನ್ ಜೊತೆ ಅರಿಸಿನದ ಸತ್ವವಾದ ಕರ್ಕ್ಯುಮಿನ್ ಅನ್ನು ದಿನಕ್ಕೆ 3 ಗ್ರಾಂ ಕೊಟ್ಟಾಗ ತಿಂಗಳೊಳಗೆ 26ರಲ್ಲಿ 14 ಮಂದಿಗೆ ಕಾಯಿಲೆ ತಗ್ಗಿತು. ಬರೀ ಮೆಸಲಮೈನ್ ನುಂಗಿದ 24 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಎರಡು ವರ್ಷದ ನಂತರ ಇದೇ ಏಮ್ಸ್‌ನವರು ಪ್ರಕಟಿಸಿದ ಪರೀಕ್ಷೆಯಲ್ಲಿ 450 ಮಿ.ಗ್ರಾಂನಿಂದ ಉಪಯೋಗ ಕಾಣಲಿಲ್ಲ. ಪ್ರಮಾಣ ಬದಲಾದರೆ ಫಲವೂ ಬದಲು. ಅಡುಗೆಮನೆಯ ಅರಿಸಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಆ 3 ಗ್ರಾಂಗೆ ದಿನಕ್ಕೆ ನೂರು ಗ್ರಾಂ ಪುಡಿ ಮುಕ್ಕಬೇಕು! ಜೊತೆಗೆ ಕಾಳುಮೆಣಸು ಹಾಕಿದರಾಯಿತು ಎನ್ನುವವರಿದ್ದಾರೆ. ಮೆಣಸಿನ ಪೈಪರೀನ್ ಬೆರೆಸಿದರೆ ಕರ್ಕ್ಯುಮಿನ್ ರಕ್ತ ಸೇರುವುದು ಸುಮಾರು ಇಪ್ಪತ್ತು ಪಟ್ಟು ಹೆಚ್ಚುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲೇ ತೋರಿಸಿದ್ದರು. ಆದರೆ ಇಲ್ಲಿ ಹುಣ್ಣಿರುವುದು ಕರುಳಿನ ಒಳಗೋಡೆಯಲ್ಲಿ. ರಕ್ತಕ್ಕೆ ಜಾರದೆ ಅಲ್ಲೇ ನಿಂತರೇ ಅದರ ಕೆಲಸ ಹೆಚ್ಚು ಎಂಬ ವಾದವೂ ಇದೆ. ಪೈಪರೀನ್ ಬೇರೆ ಔಷಧಿಗಳ ಪ್ರಮಾಣವನ್ನೂ ಏರುಪೇರು ಮಾಡಬಲ್ಲದು.

ಎಳನೀರಿಗೂ ಇದೇ ತಕರಾರು. ತಳಿ, ಮಣ್ಣು, ಬುರುಡೆಯ ವಯಸ್ಸು ಬದಲಾದರೆ ನೀರಿನ ಅಂಶವೂ ಬದಲು. 400 ಮಿ.ಲೀ.ನಲ್ಲಿ ಸುಮಾರು ಒಂದು ಗ್ರಾಂ ಪೊಟ್ಯಾಷಿಯಂ ಇರುತ್ತದೆ. ಆರೋಗ್ಯವಂತರಿಗೆ ಅದೇನೂ ಹೆಚ್ಚಲ್ಲ. ಮೂತ್ರಪಿಂಡ ಸೋತವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರಿಗೆ ಹೃದಯದ ಬಡಿತವೇ ತಪ್ಪಬಹುದು. ಚೀಟಿಯಲ್ಲಿ ಎಳನೀರು ಬರೆಯುವ ವೈದ್ಯರು ಅದಕ್ಕೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಷಿಯಂ ಪರೀಕ್ಷೆ ಬರೆಯಲಿ. ಕೆಳಗೆ ‘ಮೆಸಲಮೈನ್ ನಿಲ್ಲಿಸಬೇಡಿ’ ಎಂದು ಕನ್ನಡದಲ್ಲೇ ಸೇರಿಸಲಿ. ಆಗ ನನ್ನ ವಿರೋಧ ಅರ್ಧಕ್ಕಿಳಿಯುತ್ತದೆ.